ಲಕ್ವ ಹೊಡೆದಾಗ ಗಡಿಯಾರ ನೋಡಿ

ನಾವೆಲ್ಲ ಅಡಿಕೆ ಸುಲಿಯುತ್ತಾ ಕೂತಿದ್ದೇವೆ ಎಂದುಕೊಳ್ಳಿ. ರಾತ್ರಿ 8 ಗಂಟೆ. ಇದ್ದಕ್ಕಿದ್ದಂತೆ ಅತ್ತೆಯ ಕೈಯಿಂದ ಅಡಿಕೆ ಜಾರಿತು. ಬಾಯಿ ಸೊಟ್ಟ ಆಯಿತು. "ಏನಾಯ್ತು ಅತ್ತೆ?" ಎಂದರೆ ಮಾತು ತೊದಲುತ್ತದೆ.

ಆಗ ನಾವು ಏನು ಮಾಡುತ್ತೇವೆ? "ಗಾಳಿ ಸೋಕಿದೆ" ಎಂದು ಎಣ್ಣೆ ತಿಕ್ಕುತ್ತೇವೆ. "ಮಲಗಲಿ, ಬೆಳಿಗ್ಗೆ ನೋಡೋಣ" ಎನ್ನುತ್ತೇವೆ. ಗಂಡಸರು ಬರಲಿ ಎಂದು ಕಾಯುತ್ತೇವೆ.

ಇದು ಗಾಳಿ ಅಲ್ಲ, ಲಕ್ವ. ಡಾಕ್ಟರು ಇದನ್ನು ಸ್ಟ್ರೋಕ್ ಎನ್ನುತ್ತಾರೆ. ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿರುತ್ತದೆ. ಕೆಲವರಿಗೆ ನಾಳ ಒಡೆದಿರುತ್ತದೆ. ತೋಟದ ಪೈಪು ಕಟ್ಟಿದರೆ ಗಿಡ ನಾಲ್ಕು ದಿನ ತಡೆದೀತು. ಮಿದುಳು ತಡೆಯುವುದಿಲ್ಲ. ದೊಡ್ಡ ನಾಳ ಕಟ್ಟಿದರೆ ಒಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ.

ಕಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ 4 ಗಂಟೆ 30 ನಿಮಿಷದ ಒಳಗೆ ಕೊಡಬೇಕು. ನಾಳ ಒಡೆದವರಿಗೆ ಕೊಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಬರೀ ಗ್ಲುಕೋಸ್ ಹಾಕಿಸಿಕೊಂಡು ಕೂತರೆ ಹೊತ್ತು ಹೋಗುತ್ತದೆ, ಅಷ್ಟೆ.

ನಮ್ಮ ಮಲೆನಾಡಿನ ದಾರಿ ನಿಮಗೆ ಗೊತ್ತೇ ಇದೆ. ಶಿವಮೊಗ್ಗಕ್ಕೆ ಸಾಗರದಿಂದ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60. ಹೊಸನಗರವೂ ಹತ್ತಿರವೇನಲ್ಲ. ಹಳ್ಳಿಯಿಂದ ಪೇಟೆಗೆ ಬರುವುದೇ ಬೇರೆ. ತುಮರಿ ಕಡೆಯವರು ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಆದರೆ ಮನೆಯಲ್ಲೇ ಹೊತ್ತು ಕಳೆದರೆ ಸೇತುವೆ ಏನು ಮಾಡೀತು?

ಆದ್ದರಿಂದ ಯಾರನ್ನೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. "ಲಕ್ವ ಹೊಡೆದಿದೆ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು" ಎನ್ನಿ. ಮಳೆಗಾಲದಲ್ಲಿ ಫೋನ್ ಸಿಗುವುದೇ ಕಷ್ಟ. ಆಗ ಪಕ್ಕದ ಮನೆಯ ಜೀಪೋ ಆಟೋವೋ ಹೊರಡಿಸಿ. ರೋಗಿಗೆ ನೀರು, ಊಟ, ಮಾತ್ರೆ ಏನೂ ಕೊಡಬೇಡಿ. ನುಂಗಲು ಆಗದೆ ಶ್ವಾಸಕ್ಕೆ ಹೋಗಬಹುದು. ಸ್ವಲ್ಪ ಹೊತ್ತಿಗೆ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು.

ಡಾಕ್ಟರು ಮೊದಲು ಕೇಳುವುದು, "ಎಷ್ಟು ಗಂಟೆವರೆಗೆ ಚೆನ್ನಾಗಿದ್ದರು?" ಗಾಬರಿಯಲ್ಲಿ ಮರೆತುಹೋಗುತ್ತದೆ. ನಮಗೆ ಈಗ ಬರೆಯಲು ಬರುತ್ತದಲ್ಲ! ಒಂದು ಚೀಟಿಯಲ್ಲಿ ಬರೆಯಿರಿ. ನಿದ್ದೆಯಿಂದ ಏಳುವಾಗಲೇ ಲಕ್ವ ಹೊಡೆದಿದ್ದರೆ, ಮಲಗುವ ಮೊದಲು ಚೆನ್ನಾಗಿದ್ದ ಗಂಟೆ ಬರೆಯಿರಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ಹೆಸರೂ ಇರಲಿ. ಚೀಟಿ ಹೀಗಿದ್ದರೆ ಸಾಕು:

ಅತ್ತೆ. ವಯಸ್ಸು 62. ರಾತ್ರಿ 8 ಗಂಟೆವರೆಗೆ ಚೆನ್ನಾಗಿದ್ದರು. ಬಿ.ಪಿ. ಇದೆ.