ಗುಲಾಬಿಯ ಹೇನೂ ಸಾಬೂನಿನ ನೀರೂ
ಗುಲಾಬಿಯ ಎಳೆಮೊಗ್ಗುಗಳಿಗೆ ಮುತ್ತುವ ಹಸುರು ಸಸ್ಯಹೇನುಗಳು ಬರಿಯ ನೀರನ್ನು ಚಿಮುಕಿಸಿದರೆ ಸಾಯುವುದಿಲ್ಲ. ಅವುಗಳ ಮೈಯ ಮೇಣದ ಮೇಲೆ, ಕೆಸುವಿನೆಲೆಯ ಮೇಲಾಗುವಂತೆ, ನೀರು ಮೇಲ್ಮೈ ಎಳೆತದಿಂದ ಹನಿಗೂಡಿ ಉರುಳಿಹೋಗುವುದು. ಸಾಬೂನು ಈ ಎಳೆತವನ್ನು ತಗ್ಗಿಸುತ್ತದೆ. ಆಗ ನೀರು ಹೇನಿನ ಮೈಗೆಲ್ಲ ಹರಡಿ ಉಸಿರಾಟದ ರಂಧ್ರಗಳನ್ನೂ ಹೊಗುವುದು, ಹೇನು ಸಾಯುವುದು. ಲೀಟರು ನೀರಿಗೆ 5 ಗ್ರಾಂ ಸಾಬೂನು ಸಾಕು; ಹೆಚ್ಚಾದರೆ ಎಲೆ ಸುಡುವುದುಂಟು. ಒಣಗಿದೊಡನೆ ಅದರ ಶಕ್ತಿ ಮುಗಿಯುವುದರಿಂದ, ಎಲೆಗಳ ಅಡಿಗೂ ತಗಲುವಂತೆ ಇಳಿಹೊತ್ತಿನಲ್ಲಿ ಸಿಂಪಡಿಸಬೇಕು.

ಹೆಣ್ಣುಹೇನು ಗಂಡಿನ ನೆರವಿಲ್ಲದೆಯೇ ಮರಿಹಾಕುತ್ತದೆ. ಬೆಚ್ಚನೆಯ ದಿನಗಳಲ್ಲಿ ಆ ಮರಿಯು ಸುಮಾರು ಒಂದು ವಾರದಲ್ಲಿ ತಾನೇ ತಾಯಿಯಾಗುವುದು. ಒಮ್ಮೆ ನಾವು ತಾಳ್ಮೆಗೆಟ್ಟು ಉಗ್ರವಾದ ವಿಷವನ್ನೇ ಸಿಂಪಡಿಸಿದೆವು. ಹೇನುಗಳೊಡನೆ, ಅವುಗಳನ್ನು ತಿಂದು ಬದುಕುವ ಗುಲಗಂಜಿ ಹುಳುಗಳೂ ಸತ್ತವು. 15 ದಿನಗಳಲ್ಲಿ ಹೇನು ಮರಳಿತು. ಗುಲಗಂಜಿ ಹುಳು ಮರಳಲಿಲ್ಲ. ಈಗ ಆ ಹುಳು ಕಂಡ ಕೊಂಬೆಗೆ ನಾವು ಸಾಬೂನಿನ ನೀರನ್ನೂ ಹಾಕುವುದಿಲ್ಲ.