ನಗರದಂಚಿನ ಬಹುವಾರ್ಷಿಕ ಮೇವು: ಪ್ಯಾರಾ ಹುಲ್ಲು

ಹೈನುಗಾರಿಕೆಯ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದು. ಹೈದರಾಬಾದಿನ ಈಶಾನ್ಯದಲ್ಲಿರುವ ಕುಷಾಯಿಗೂಡದ ಆಸುಪಾಸಿನಲ್ಲಿ ಚರ್ಲಪಲ್ಲಿ, ನಾಚಾರಂ ಮೊದಲಾದ ಕೈಗಾರಿಕಾ ಪ್ರದೇಶಗಳು ಬೆಳೆದು ನಿಂತಿವೆ. ಇಂತಹ ಬಡಾವಣೆಯಲ್ಲಿ ಎಮ್ಮೆ ಕಟ್ಟುವವರಿಗೆ ಗೋಮಾಳದ ಆಸರೆಯಿಲ್ಲ. ಕೊಯ್ದು ತಂದ ಹಸಿ ಹುಲ್ಲೇ ಆಧಾರ. ಇಲ್ಲಿಂದ ದಕ್ಷಿಣಕ್ಕೆ ಕೆಲವು ಕಿಲೋಮೀಟರು ಸಾಗಿದರೆ ಮೂಸಿ ನದಿ ಸಿಗುತ್ತದೆ. ಉಪ್ಪಲ್, ಪೀರ್ಜಾದಿಗೂಡಗಳ ಕಡೆಯ ಅದರ ದಂಡೆಗಳಲ್ಲಿ, ಹಿಂದೆ ಭತ್ತ ಬೆಳೆಯುತ್ತಿದ್ದ ಎಷ್ಟೋ ಗದ್ದೆಗಳನ್ನು ಕಳೆದ ಕೆಲವು ದಶಕಗಳಲ್ಲಿ ಪ್ಯಾರಾ ಹುಲ್ಲು ಆಕ್ರಮಿಸಿತು. ನಗರದ ಎಮ್ಮೆಗಳಿಗೆ ಅದು ನಿತ್ಯದ ಮೇವಾಯಿತು.

ಬಹುವಾರ್ಷಿಕ ಹುಲ್ಲೆಂದರೆ ಒಮ್ಮೆ ನೆಟ್ಟು ಹಲವು ವರ್ಷ ಕೊಯ್ಯಬಹುದಾದ ಹುಲ್ಲು. ಆದರೆ ಪ್ರತಿಯೊಂದು ಜಾತಿಗೂ ತನ್ನದೇ ಆದ ಹವೆಯುಂಟು. ಯುರೋಪಿನ ಫೆಸ್ಕ್ಯೂ ಹುಲ್ಲು ಆಳವಾಗಿ ಬೇರಿಳಿಸಿ ದೀರ್ಘಕಾಲ ಬಾಳುವುದಾದರೂ ಅದು ತಂಪು ಹವೆಯ ಸಸ್ಯ. ಹಿಮಾಲಯದ ತಪ್ಪಲಿಗೆ ಅದು ಒಗ್ಗೀತು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ದಖ್ಖನ್ನಿನಲ್ಲಿ ಒಣಗಿಹೋಗುತ್ತದೆ. ಅಮೆರಿಕದಲ್ಲಿ 1943ರಲ್ಲಿ ಬಿಡುಗಡೆಯಾದ ‘ಕೆಂಟಕಿ 31’ ಎಂಬ ಫೆಸ್ಕ್ಯೂ ತಳಿಯ ಒಳಗೇ ವಾಸಿಸುವ ಒಂದು ಶಿಲೀಂಧ್ರವು ಅದನ್ನು ಮೇಯ್ದ ದನಗಳಿಗೆ ಕಾಯಿಲೆ ತರುತ್ತದೆಂಬುದು 1970ರ ದಶಕದಲ್ಲಿ ತಿಳಿದುಬಂದಿತು. ಹೊರನೋಟಕ್ಕೆ ಸೊಂಪಾದ ಹುಲ್ಲೆಲ್ಲವೂ ನಿರಪಾಯವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಪ್ಯಾರಾ ಹುಲ್ಲು ಇದಕ್ಕೆ ವಿರುದ್ಧ ಸ್ವಭಾವದ್ದು. ಬಿಸಿಲು, ತೇವ ಎರಡೂ ಅದಕ್ಕೆ ಬೇಕು. ಕಾಂಡ ನೆಲದ ಮೇಲೆ ಹರಿದು ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ಗಿಣ್ಣುಗಳಲ್ಲಿ ಮೃದುವಾದ ರೋಮಗಳಿರುತ್ತವೆ. ಬೇರೆ ಮೇವಿನ ಬೆಳೆಗಳು ಕೊಳೆತುಹೋಗುವ ಜವುಗು ನೆಲದಲ್ಲಿಯೂ, ನಿಂತ ನೀರಿನಲ್ಲಿಯೂ ಇದು ಹುಲುಸಾಗಿ ಬೆಳೆಯಬಲ್ಲದು. ಬರವನ್ನು ಮಾತ್ರ ಸಹಿಸದು. ನೀರಾವರಿಯಿಲ್ಲದ ಒಣಭೂಮಿಯಲ್ಲಿ ಇದನ್ನು ನೆಡುವುದು ವ್ಯರ್ಥ ಶ್ರಮ.

ನಾಟಿಗೆ ಜೂನ್–ಜುಲೈ ತಿಂಗಳುಗಳು ಪ್ರಶಸ್ತ. ಭೂಮಿಯನ್ನು ಉತ್ತು, ಕಳೆ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಬೀಜ ಸರಿಯಾಗಿ ಕಟ್ಟುವುದಿಲ್ಲವಾದ್ದರಿಂದ ಬಲಿತ ಕಾಂಡದ ತುಂಡುಗಳನ್ನೇ ನೆಡುವುದು ರೂಢಿ. ಪ್ರತಿ ತುಂಡಿನಲ್ಲಿ ಮೂರು ಗಿಣ್ಣುಗಳಿದ್ದು, ಎರಡು ಮಣ್ಣಿನೊಳಗೆ ಹೋಗಬೇಕು. ಸಾಲುಗಳ ನಡುವೆ ಸುಮಾರು 60 ಸೆಂ.ಮೀ. ಅಂತರವಿರಲಿ. ಒಂದು ಹೆಕ್ಟೇರಿಗೆ 800ರಿಂದ 1,000 ಕಿ.ಗ್ರಾಂ. ತುಂಡುಗಳು ಬೇಕಾಗುತ್ತವೆ. ನೆಟ್ಟ 75–80 ದಿನಗಳಿಗೆ ಮೊದಲ ಕೊಯ್ಲು. ಅನಂತರ 30–40 ದಿನಗಳಿಗೊಮ್ಮೆ. ಒಳ್ಳೆಯ ನೀರಿದ್ದಲ್ಲಿ ವರ್ಷಕ್ಕೆ ಹೆಕ್ಟೇರಿಗೆ 80 ಟನ್ನಿನಷ್ಟು ಹಸಿರು ಮೇವು ದೊರೆಯುತ್ತದೆ. ಕೊಯ್ಲನ್ನು ತಡಮಾಡಿದರೆ ತೂಕ ಹೆಚ್ಚುವುದು ನಿಜ, ಆದರೆ ಕಾಂಡ ನಾರಾಗಿ ಸಸಾರಜನಕ ಇಳಿಯುತ್ತದೆ. ಎಳೆಯದಾಗಿ ಕೊಯ್ದರೂ ಈ ಒಂದೇ ಹುಲ್ಲಿನಿಂದ ಹಾಲು ಕೊಡುವ ಎಮ್ಮೆಯ ಅಗತ್ಯ ಪೂರೈಸದು. ಅಲಸಂದೆ, ಕುದುರೆ ಮಸಾಲೆಯಂತಹ ದ್ವಿದಳ ಮೇವನ್ನು ಬೆರೆಸುವುದು ಅವಶ್ಯ.

ಇನ್ನು ನೀರಿನ ವಿಚಾರ. ಬೇಸಾಯಗಾರರು ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿ ಎಚ್ಚರವಹಿಸತಕ್ಕದ್ದು. ಮಳೆಗಾಲವನ್ನು ಬಿಟ್ಟರೆ ಹೈದರಾಬಾದಿನ ಕೆಳಗೆ ಮೂಸಿಯಲ್ಲಿ ಹರಿಯುವುದು ಬಹುಪಾಲು ನಗರ ಬಳಸಿ ಬಿಟ್ಟ ನೀರು. ಬೆಂಗಳೂರಿನ ವೃಷಭಾವತಿಯೂ, ಅದು ತುಂಬುವ ಬಿಡದಿ ಸಮೀಪದ ಬೈರಮಂಗಲ ಕೆರೆಯೂ ಇದೇ ಬಗೆಯವು. ಅಲ್ಲಿಯೂ ರೈತರು ಈ ನೀರಿನಲ್ಲೇ ಮೇವು ಬೆಳೆದಿದ್ದಾರೆ. ಇದರಲ್ಲಿ ಸಾರಜನಕ ಸಾಕಷ್ಟಿರುವುದರಿಂದ ಯೂರಿಯಾ ಹಾಕುವ ಅವಶ್ಯಕತೆಯಿಲ್ಲ. ಹಾಕಿದರೆ ಹುಲ್ಲಿನಲ್ಲಿ ನೈಟ್ರೇಟ್ ಶೇಖರವಾಗಿ ಜಾನುವಾರುಗಳಿಗೆ ವಿಷವಾದೀತು. ಗೊಬ್ಬರದ ಖರ್ಚಿಲ್ಲವೆಂಬ ಈ ಲಾಭವೇ ಎಷ್ಟೋ ರೈತರನ್ನು ಈ ಬೆಳೆಗೆ ಸೆಳೆಯಿತು. ಬದುಕಿನ ದಾರಿಯಾಗಿರುವ ಬೆಳೆಯನ್ನು ಸುಮ್ಮನೆ ನಿಂದಿಸುವುದು ನ್ಯಾಯವಲ್ಲ. ಆದರೂ ಕಾರ್ಖಾನೆಗಳ ತ್ಯಾಜ್ಯ ಸೇರಿದ ನೀರಿನಲ್ಲಿ ಕ್ಯಾಡ್ಮಿಯಂ, ಸೀಸ ಮುಂತಾದ ಲೋಹಗಳಿರಬಹುದು. ಅವು ಮಣ್ಣಿನಲ್ಲಿ ವರ್ಷವರ್ಷಕ್ಕೂ ಸಂಚಯವಾಗಿ, ಹುಲ್ಲಿನ ಮೂಲಕ ದನದ ದೇಹವನ್ನು ಸೇರುತ್ತವೆ. ಹುಲ್ಲನ್ನು ತೊಳೆದರೆ ಮೇಲಿನ ಕೊಳೆ ಹೋಗುತ್ತದೆಯೇ ಹೊರತು ಒಳಗೆ ಹೀರಿಕೊಂಡ ಲೋಹ ಹೋಗದು. ಆದುದರಿಂದ ಕಾರ್ಖಾನೆಗಳ ಕಾಲುವೆ ಬಂದು ಸೇರುವ ಗದ್ದೆಯಲ್ಲಿ ಮೇವನ್ನು ಬೆಳೆಯದಿರುವುದೇ ಸರಿ. ಸಂಶಯವಿದ್ದರೆ ಮಣ್ಣು, ನೀರು ಎರಡನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಈ ಲೋಹಗಳು ಸೇರಿರುವುದಿಲ್ಲವಾದ್ದರಿಂದ ಪ್ರತ್ಯೇಕವಾಗಿ ಕೇಳಬೇಕಾಗುತ್ತದೆ.

ಕಣ್ಣಿಗೆ ಕಾಣದ ಮತ್ತೊಂದು ಅಪಾಯ ಪಿತ್ತಜನಕಾಂಗದ ಚಪ್ಪಟೆ ಹುಳುವಿನದು. ಜವುಗಿನಲ್ಲಿರುವ ಬಸವನಹುಳುಗಳಿಂದ ಹೊರಬಂದ ಇದರ ಮರಿಗಳು ನೀರಿನ ಅಂಚಿನ ಹುಲ್ಲಿಗೆ ಅಂಟಿಕೊಂಡು ಕೋಶ ಕಟ್ಟುತ್ತವೆ. ಆ ಹುಲ್ಲನ್ನು ತಿಂದ ಎಮ್ಮೆ ಸೊರಗಿ, ಹಾಲು ಕಡಿಮೆಯಾಗಿ, ಗದ್ದದ ಕೆಳಗೆ ನೀರು ತುಂಬಿದ ಊತ ಕಾಣಿಸಿಕೊಳ್ಳುತ್ತದೆ. ಕೊಯ್ಲಿಗೆ ಕೆಲವು ದಿನ ಮೊದಲೇ ಗದ್ದೆಯ ನೀರನ್ನು ಬಸಿದು, ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ ಕತ್ತರಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಹಾಕುವುದರಿಂದ ಸೋಂಕು ಬಹಳಮಟ್ಟಿಗೆ ತಗ್ಗುತ್ತದೆ. ಹುಳುವಿನ ಔಷಧವನ್ನು ಪಶುವೈದ್ಯರ ಸಲಹೆಯಂತೆಯೇ ಕೊಡಿಸತಕ್ಕದ್ದು.

ಕೊಯ್ದ ಕಾಂಡದ ಚೂರುಗಳನ್ನು ಕಾಲುವೆಗೋ ಕೆರೆಗೋ ಎಸೆಯಬಾರದು. ಒಂದು ಗಿಣ್ಣು ಬೇರೂರಿದರೂ ಸಾಕು, ಕೆಲವೇ ಮಳೆಗಾಲಗಳಲ್ಲಿ ನೀರಿನ ದಾರಿ ಮುಚ್ಚಿಹೋಗುತ್ತದೆ. ಹೊಲದ ಬದುವಿನಿಂದ ಆಚೆ ಹರಿದ ಬಳ್ಳಿಗಳನ್ನು ಪ್ರತಿ ಕೊಯ್ಲಿನಲ್ಲಿಯೂ ಕತ್ತರಿಸಿ, ಅದೇ ದಿನ ದನಗಳಿಗೆ ಹಾಕಿಬಿಡುವುದು ಉತ್ತಮ.