ಹೊಸ ಮೊಬೈಲಿನ ಜಮಾ-ಖರ್ಚು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತಿನ ಜೋಡಿಯನ್ನು ಕೊಳ್ಳಹೋದ ರೈತನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೂ ಮನೆಯ ಹಿತ್ತಿಲಲ್ಲಿ ಹುಲ್ಲಿನ ಬಣವೆ ಎಷ್ಟು ಉಳಿದಿದೆಯೆಂಬುದನ್ನು ಮನಸ್ಸಿನಲ್ಲಿಯೇ ಅಳೆದುಕೊಳ್ಳದೆ ಮುಂಗಡ ಕೊಡುವುದಿಲ್ಲ. ಎತ್ತಿನ ಬೆಲೆ ಒಂದು ದಿನದ ಮಾತು, ಮೇವು ದಿನದಿನದ ಮಾತು ಎಂಬುದನ್ನು ಅವನು ಬಲ್ಲ. ಅದೇ ರೈತನ ಮಗನು ಕಾಲೇಜಿಗೆ ಸೇರಿ, ದೊಡ್ಡಬಳ್ಳಾಪುರದ ಪೇಟೆಯಲ್ಲಿ ಹೊಸ ಸ್ಮಾರ್ಟ್‌ಫೋನನ್ನು ಕೊಳ್ಳುವಾಗ ಕ್ಯಾಮೆರಾ ಹೇಗಿದೆ, ಬಣ್ಣ ಯಾವುದಿದೆ, ತಿಂಗಳ ಕಂತೆಷ್ಟು ಎಂದು ಕೇಳಿ ಸುಮ್ಮನಾಗುತ್ತಾನೆ. ಮೇವಿನ ಲೆಕ್ಕವನ್ನು ಅವನು ಕೇಳುವುದೂ ಇಲ್ಲ, ಅಂಗಡಿಯವನು ಹೇಳುವುದೂ ಇಲ್ಲ. ಆ ಲೆಕ್ಕವನ್ನು ಈ ಪುಟಗಳಲ್ಲಿ ಸ್ವಲ್ಪ ವಿಚಾರಮಾಡಿ ನೋಡುವುದು ನನ್ನ ಉದ್ದೇಶ.

ಈ ಯಂತ್ರ ನಮ್ಮ ಜಿಲ್ಲೆಗೆ ಪರದೇಶದ ವಸ್ತುವಾಗಿ ಉಳಿದಿಲ್ಲ. ದೇವನಹಳ್ಳಿಯ ಕಡೆ ಫಾಕ್ಸ್‌ಕಾನ್ ಕಂಪೆನಿಯ ಕಾರ್ಖಾನೆಯಲ್ಲಿ 2025ರಲ್ಲಿ ಐಫೋನುಗಳ ಜೋಡಣೆ ಆರಂಭವಾಯಿತು. ಹೊಸಕೋಟೆಯನ್ನು ದಾಟಿ ಕೋಲಾರದ ದಾರಿಯಲ್ಲಿ ಸಿಗುವ ನರಸಾಪುರದಲ್ಲಿ ಅದಕ್ಕೂ ಮೊದಲೇ ವಿಸ್ಟ್ರಾನ್ ಕಂಪೆನಿ ಈ ಕೆಲಸವನ್ನು ನಡೆಸುತ್ತಿದ್ದಿತು. 2020ರ ಡಿಸೆಂಬರಿನಲ್ಲಿ ಅಲ್ಲಿ ಕೂಲಿಯ ವಿಷಯಕ್ಕೆ ದೊಡ್ಡ ಗಲಭೆಯಾದುದು ಪತ್ರಿಕೆಗಳನ್ನು ಓದುವವರಿಗೆ ನೆನಪಿರಬಹುದು. ಈಗ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಯಲ್ಲಿದೆ. ಲಕ್ಷದ ಆಸುಪಾಸಿನ ಫೋನನ್ನು ಜೋಡಿಸುವ ಹುಡುಗ-ಹುಡುಗಿಯರು ತಮ್ಮ ಜೇಬಿನಲ್ಲಿ ಹೆಚ್ಚಾಗಿ ಹತ್ತು ಹನ್ನೆರಡು ಸಾವಿರದ ಫೋನನ್ನೇ ಇಟ್ಟುಕೊಂಡಿರುತ್ತಾರೆ. ನಾನು ಬರೆಯುತ್ತಿರುವುದೂ ಆ ಬಗೆಯ ಫೋನಿನ ವಿಚಾರವೇ. ಬೆಲೆ 11,000 ರೂಪಾಯಿ, ಬ್ಯಾಟರಿ 5000 ಮಿಲಿ ಆಂಪೇರ್-ಗಂಟೆ ಎಂದಿಟ್ಟುಕೊಳ್ಳೋಣ.

ಇದಕ್ಕೆ ಬೇಕಾದ ಮೇವು ಎರಡು ಬಗೆಯದು. ಒಂದು ಗೋಡೆಯಿಂದ ಬರುವ ವಿದ್ಯುತ್ತು. ಇನ್ನೊಂದು, ನಮ್ಮ ಕಡೆ ಇಂದಿಗೂ ‘ಕರೆನ್ಸಿ’ ಎಂದು ಕರೆಯುವ ರೀಚಾರ್ಜು. ಮನೆಯಲ್ಲಿ ಹಿರಿಯರು ಗದರಿಸುವುದು ಮೊದಲನೆಯದಕ್ಕೆ: “ಯಾವಾಗ ನೋಡಿದರೂ ಚಾರ್ಜಿಗೆ ಹಾಕಿರುತ್ತೀಯಲ್ಲ, ಬಿಲ್ಲು ಯಾರಪ್ಪ ಕಟ್ಟುವವರು?” ಲೆಕ್ಕಮಾಡಿ ನೋಡಿದರೆ ಈ ಗದರಿಕೆಗೆ ಆಧಾರ ಸಾಲದು. 5000 ಮಿಲಿ ಆಂಪೇರ್-ಗಂಟೆಯನ್ನು ಕೋಶದ ಸುಮಾರು 3.85 ವೋಲ್ಟಿನಿಂದ ಗುಣಿಸಿದರೆ 19 ವ್ಯಾಟ್-ಗಂಟೆಗಿಂತ ತುಸು ಹೆಚ್ಚು ಶಕ್ತಿಯಾಗುತ್ತದೆ. ಚಾರ್ಜರು ಬಿಸಿಯಾಗಿ ಹಾಳಾಗುವ ಪಾಲನ್ನೂ ಸೇರಿಸಿ ಧಾರಾಳವಾಗಿ 25 ಎಂದೇ ಹಿಡಿಯೋಣ. ಸಾವಿರ ವ್ಯಾಟ್-ಗಂಟೆಗೆ ಒಂದು ಯೂನಿಟ್ಟು. ಅಂದರೆ ಒಂದು ಯೂನಿಟ್ಟಿನಲ್ಲಿ ಈ ಫೋನನ್ನು 40 ಸಲ ತುಂಬಬಹುದು. ಯೂನಿಟ್ಟಿಗೆ ಸುಮಾರು 6 ರೂಪಾಯಿಯಾದರೆ ಒಂದು ಸಲಕ್ಕೆ ಹದಿನೈದು ಪೈಸೆ. ವರ್ಷವಿಡೀ ದಿನಕ್ಕೊಮ್ಮೆ ತುಂಬಿದರೂ ಅರುವತ್ತು ರೂಪಾಯಿಯ ಒಳಗೇ ಮುಗಿಯಿತು. 2023ರ ಆಗಸ್ಟಿನಿಂದ ಗೃಹಜ್ಯೋತಿಯ ಸೌಲಭ್ಯ ಬಂದ ಮನೆಗಳಲ್ಲಿ ಅದೂ ಲೆಕ್ಕಕ್ಕಿಲ್ಲ.

ಹಾಗೆಂದ ಮಾತ್ರಕ್ಕೆ ಬ್ಯಾಟರಿಯ ಚಿಂತೆ ಬೇಡವೆಂದಲ್ಲ. ವಿದ್ಯುತ್ತು ಅಗ್ಗ, ಅದನ್ನು ತುಂಬಿಟ್ಟುಕೊಳ್ಳುವ ಪಾತ್ರೆ ಅಗ್ಗವಲ್ಲ. ಈ ಲಿಥಿಯಂ-ಅಯಾನು ಕೋಶವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪೆನಿ, 1991ರಲ್ಲಿ. ಅದರ ಹಿಂದಿನ ಸಂಶೋಧನೆಗಾಗಿ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಂ, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಇದು ಕೆಲಸ ಮಾಡುವ ಬಗೆಯನ್ನು ದೊಡ್ಡಬಳ್ಳಾಪುರದವರಿಗೆ ವಿವರಿಸುವುದು ಸುಲಭ. ಮಗ್ಗದ ಲಾಳಿಯನ್ನು ನೆನೆಯಿರಿ. ಕೋಶದ ಒಂದು ಬದಿಯಲ್ಲಿ ಲೋಹದ ಆಕ್ಸೈಡು, ಇನ್ನೊಂದು ಬದಿಯಲ್ಲಿ ಪದರಪದರವಾದ ಗ್ರಾಫೈಟು. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಫೋನನ್ನು ಬಳಸುವಾಗ ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಲಾಳಿ ಹೀಗೆ ಅತ್ತಿಂದಿತ್ತ ಓಡಿದಂತೆಲ್ಲ ನೂಲಿನ ಎಳೆಯೊಂದು ಅಲ್ಲಲ್ಲಿ ಸಿಕ್ಕಿಕೊಂಡು ಹಾಳಾಗುವ ಹಾಗೆ, ಪ್ರತಿ ಓಟದಲ್ಲಿಯೂ ಅತ್ಯಲ್ಪ ಪ್ರಮಾಣದ ಲಿಥಿಯಂ ಗ್ರಾಫೈಟಿನ ಮೇಲೆ ತೆಳುಪೊರೆಯಾಗಿ ಅಂಟಿ ನಿಂತುಬಿಡುತ್ತದೆ. ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಆದುದರಿಂದ ಬ್ಯಾಟರಿಯ ಆಯುಸ್ಸನ್ನು ವರ್ಷಗಳಿಗಿಂತ ಆವರ್ತಗಳಿಂದ ಎಣಿಸುವುದು ವಾಡಿಕೆ. ಸೊನ್ನೆಯಿಂದ ನೂರರವರೆಗಿನ ಒಂದು ತುಂಬುವಿಕೆಗೆ ಒಂದು ಆವರ್ತ. ಇಂದು ಅರ್ಧ, ನಾಳೆ ಅರ್ಧ ತುಂಬಿದರೂ ಕೂಡಿಸಿ ಒಂದೇ. ಐನೂರರಿಂದ ಎಂಟುನೂರು ಆವರ್ತಗಳು ಕಳೆಯುವ ಹೊತ್ತಿಗೆ ಸಾಮಾನ್ಯವಾಗಿ ಕೋಶದ ಶಕ್ತಿ ನೂರಕ್ಕೆ ಎಂಬತ್ತಕ್ಕೆ ಇಳಿದಿರುತ್ತದೆ. ಎಂಟುನೂರರ ಮೇಲೂ ಎಂಬತ್ತು ಉಳಿದಿರಲೇಬೇಕೆಂದು ಐರೋಪ್ಯ ಒಕ್ಕೂಟ 2025ರ ಜೂನ್‌ನಿಂದ ಅಲ್ಲಿಯ ಮಾರಾಟಗಾರರಿಗೆ ನಿಯಮ ಮಾಡಿದೆ. ದಿನಕ್ಕೆ ಒಂದು ಆವರ್ತ ಮುಗಿಸುವ ವಿದ್ಯಾರ್ಥಿಗೆ ಐನೂರು ಎಂದರೆ ಒಂದು ವರ್ಷ ನಾಲ್ಕೂವರೆ ತಿಂಗಳು. ಪ್ರಥಮ ವರ್ಷದಲ್ಲಿ ಕೊಂಡ ಫೋನು ತೃತೀಯ ವರ್ಷದ ಪರೀಕ್ಷೆಯ ಹೊತ್ತಿಗೆ ಸಂಜೆಯ ಬಸ್ಸಿನಲ್ಲಿ ಸತ್ತುಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಯುಸ್ಸನ್ನು ಇನ್ನೂ ಬೇಗ ಕಳೆಯುವುದು ಬಿಸಿ. ಸಿಮೆಂಟು ಶೀಟಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಫೋನನ್ನು ಚಾರ್ಜಿಗೆ ಹಾಕಿ, ಅದರಲ್ಲೇ ಚಲನಚಿತ್ರ ನೋಡುವುದಕ್ಕಿಂತ ಕೆಟ್ಟ ಅಭ್ಯಾಸ ಬೇರೊಂದಿಲ್ಲ. ರಾತ್ರಿ ದಿಂಬಿನ ಕೆಳಗೆ ಇಟ್ಟು ಚಾರ್ಜು ಮಾಡುವುದೂ ಅಪಾಯವೇ. ಬಿಸಿ ಹೊರಹೋಗಲು ದಾರಿಯಿಲ್ಲ. ನೂರಕ್ಕೆ ನೂರು ತುಂಬಿ ಹಾಗೆಯೇ ಗಂಟೆಗಟ್ಟಲೆ ಇಡುವುದಕ್ಕಿಂತ ಇಪ್ಪತ್ತರಿಂದ ಎಂಬತ್ತರ ನಡುವೆ ಆಡಿಸುವುದು ಮೇಲು. ಹೊಸ ಫೋನನ್ನು ಮೊದಲ ದಿನ ಎಂಟು ಗಂಟೆ ಚಾರ್ಜು ಮಾಡಬೇಕು, ಪೂರ್ತಿ ಖಾಲಿಯಾದ ಮೇಲೆಯೇ ಮತ್ತೆ ಹಾಕಬೇಕು ಎಂದು ಈಗಲೂ ಕೆಲವರು ಉಪದೇಶಿಸುತ್ತಾರೆ. ಅದು ಹಳೆಯ ನಿಕಲ್-ಕ್ಯಾಡ್ಮಿಯಂ ಕೋಶಗಳ ಕಾಲದ ಮಾತು. ಈ ಕೋಶಕ್ಕೆ ಸಲ್ಲದು.

ಒಂದೇ ಅಂಗಡಿಯಲ್ಲಿ, ಒಂದೇ ದಿನ ಕೊಂಡ ಎರಡು ಫೋನುಗಳಲ್ಲಿ ಊರಿನೊಳಗಿರುವವನದು ರಾತ್ರಿಯವರೆಗೆ ಬಂದು, ಬೆಟ್ಟದ ಮರೆಯ ಹಳ್ಳಿಯವನದು ಮೂರು ಗಂಟೆಗೇ ಖಾಲಿಯಾಗುವುದುಂಟು. ಅಂಗಡಿಯವನು ಮೋಸ ಮಾಡಿದನೆಂದು ಬಗೆಯುವವರಿದ್ದಾರೆ. ಕಾರಣ ಅದಲ್ಲ. ಕೆರೆಯ ಈ ಏರಿಯ ಮೇಲೆ ನಿಂತು ಆಚೆಯ ದಡದವನೊಡನೆ ಮಾತಾಡಬೇಕಾದರೆ ಕೂಗಲೇಬೇಕಷ್ಟೆ. ಟವರು ದೂರವಾದಷ್ಟೂ, ನಡುವೆ ಬಂಡೆ ಅಡ್ಡವಾದಷ್ಟೂ ಫೋನು ಹೆಚ್ಚು ಶಕ್ತಿಯಿಂದ ಅಲೆಗಳನ್ನು ಕಳುಹಿಸಬೇಕು. ಬಸ್ಸಿನಲ್ಲಿ ಹೋಗುವಾಗ ಟವರಿನಿಂದ ಟವರಿಗೆ, ಐದನೆಯ ಪೀಳಿಗೆಯಿಂದ ನಾಲ್ಕನೆಯದಕ್ಕೆ ಹಾರುತ್ತ ಅದು ಹುಡುಕಾಟದಲ್ಲೇ ದಣಿಯುತ್ತದೆ. 5ಜಿ ನಿಲ್ಲದ ಊರಿನಲ್ಲಿ 4ಜಿ ಒಂದನ್ನೇ ಆರಿಸಿಟ್ಟರೆ ಎಷ್ಟೋ ಉಳಿತಾಯ. ಪರದೆಯ ಬೆಳಕನ್ನು ತಗ್ಗಿಸಿದರೆ ಇನ್ನೂ ಹೆಚ್ಚು, ಏಕೆಂದರೆ ಫೋನಿನಲ್ಲಿ ಅತಿ ಹೆಚ್ಚು ತಿನ್ನುವ ಭಾಗಗಳಲ್ಲಿ ಪರದೆಯೂ ಒಂದು.

ಇನ್ನು ಕರೆನ್ಸಿಯ ಮಾತು. ನಿಜವಾದ ಮೇವು ಇದೇ. ಭಾರತದಲ್ಲಿ ಮೊದಲ ಮೊಬೈಲು ಕರೆ ನಡೆದುದು 1995ರ ಜುಲೈ 31ರಂದು. ಆಗ ಕರೆ ಮಾಡಿದವನೂ ಹಣ ತೆರಬೇಕು, ಸ್ವೀಕರಿಸಿದವನೂ ತೆರಬೇಕು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಹತ್ತು ರೂಪಾಯಿ ಕರೆನ್ಸಿ ಹಾಕಿಸಿಕೊಂಡು ತಿಂಗಳುಗಟ್ಟಲೆ ‘ಮಿಸ್ಡ್ ಕಾಲ್’ ಕೊಟ್ಟು ಬದುಕಿದ ಕಾಲವದು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡಾಟಾದ ಬೆಲೆಯನ್ನು ನೆಲಕ್ಕಿಳಿಸಿತು. ಅದರೊಡನೆಯೇ ಲೆಕ್ಕದ ರೀತಿಯೂ ಬದಲಾಯಿತೆಂಬುದನ್ನು ನಾವು ಅಷ್ಟಾಗಿ ಗಮನಿಸಲಿಲ್ಲ. ಮೊದಲು ಬಳಸಿದಷ್ಟಕ್ಕೆ ಹಣ. ಈಗ ಬಳಸಲಿ ಬಿಡಲಿ, ದಿನಗಳಿಗೆ ಹಣ. 2018ರ ಕೊನೆಯ ವೇಳೆಗೆ ಹಳೆಯ ಕಂಪೆನಿಗಳೂ ಒಳಬರುವ ಕರೆಯನ್ನು ಉಳಿಸಿಕೊಳ್ಳಲು ಕನಿಷ್ಠ ರೀಚಾರ್ಜು ಬೇಕೆಂದು ಗೊತ್ತುಮಾಡಿದವು.

2024ರ ಜುಲೈನಲ್ಲಿ ದರಗಳು ಏರಿದಾಗ, ದಿನಕ್ಕೆ 1.5 ಜಿ.ಬಿ.ಯಂತೆ 28 ದಿನಗಳ ಜಿಯೋ ಯೋಜನೆ 239 ರೂಪಾಯಿಯಿಂದ 299ಕ್ಕೆ ಹೋಯಿತು. ಇದರಲ್ಲಿ ಸುಮಾರು 45 ರೂಪಾಯಿ ಸರಕಾರದ ತೆರಿಗೆ. ಈ 28 ಎಂಬ ಸಂಖ್ಯೆಯಲ್ಲಿಯೇ ಸ್ವಾರಸ್ಯವಿದೆ. ಇಪ್ಪತ್ತೆಂಟನ್ನು ಹದಿಮೂರರಿಂದ ಗುಣಿಸಿದರೆ 364. ಹನ್ನೆರಡು ತಿಂಗಳ ವರ್ಷದಲ್ಲಿ ನಾವು ಹದಿಮೂರು ಸಲ ಹಣ ಕಟ್ಟುತ್ತೇವೆ. ಪಂಚಾಂಗದ ಅಧಿಕಮಾಸವಾದರೂ ಸುಮಾರು ಮೂವತ್ತೆರಡು ತಿಂಗಳಿಗೊಮ್ಮೆ ಬರುತ್ತದೆ. ಕಂಪೆನಿಗಳ ಅಧಿಕಮಾಸ ಪ್ರತಿವರ್ಷವೂ ಬರುತ್ತದೆ! ದೂರುಗಳನ್ನು ಕೇಳಿ ಟ್ರಾಯ್ ಸಂಸ್ಥೆಯು 2022ರಲ್ಲಿ ಪ್ರತಿಯೊಂದು ಕಂಪೆನಿಯೂ 30 ದಿನಗಳದೊಂದು ಯೋಜನೆಯನ್ನೂ, ಪ್ರತಿ ತಿಂಗಳೂ ಅದೇ ತಾರೀಖಿಗೆ ಬರುವ ಯೋಜನೆಯೊಂದನ್ನೂ ಇಡಲೇಬೇಕೆಂದು ಆಜ್ಞೆಮಾಡಿತು. ಕೇಳಿ ಹಾಕಿಸಿಕೊಳ್ಳುವವರು ಮಾತ್ರ ವಿರಳ.

299ನ್ನು ಹದಿಮೂರರಿಂದ ಗುಣಿಸಿದರೆ ವರ್ಷಕ್ಕೆ 3,887 ರೂಪಾಯಿ. ಪದವಿಯ ಮೂರು ವರ್ಷಗಳಿಗೆ 11,661. ಹನ್ನೊಂದು ಸಾವಿರದ ಎತ್ತು ತನ್ನ ಬೆಲೆಗಿಂತ ಹೆಚ್ಚಿನ ಮೇವನ್ನು ತಿಂದಂತಾಯಿತು. ಮೇಲೆ ಹೇಳಿದ ವಿದ್ಯುತ್ತಿನ ವೆಚ್ಚ ಇದೇ ಅವಧಿಯಲ್ಲಿ ಇನ್ನೂರು ರೂಪಾಯಿಯನ್ನೂ ಮುಟ್ಟುವುದಿಲ್ಲ.

ಇನ್ನೊಂದು ಅಂಶ ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಗಮನಕ್ಕೆ ಬರತಕ್ಕದ್ದು. ಅದೇ 1.5 ಜಿ.ಬಿ. ಯೋಜನೆಯನ್ನು 84 ದಿನಗಳಿಗೆ ಒಟ್ಟಾಗಿ ಹಾಕಿಸಿದರೆ 2024ರ ಆ ದರದಲ್ಲಿ 799 ರೂಪಾಯಿ. ಇಪ್ಪತ್ತೆಂಟರಂತೆ ಮೂರು ಸಲ ಹಾಕಿಸಿದರೆ 897. ವ್ಯತ್ಯಾಸ 98 ರೂಪಾಯಿ. ರಾಗಿಯನ್ನು ಮೂಟೆಯಲ್ಲಿ ಕೊಳ್ಳುವವನಿಗೆ ಅಗ್ಗ, ಸೇರಿನಲ್ಲಿ ಕೊಳ್ಳುವವನಿಗೆ ತುಟ್ಟಿ ಎಂಬ ಹಳೆಯ ಕಥೆಯೇ ಇದು. ವಾರದ ಬಟವಾಡೆಯಲ್ಲಿ ಸಂಸಾರ ಸಾಗಿಸುವ ಮಗ್ಗದ ಕೆಲಸಗಾರನ ಮನೆಯಲ್ಲಿ ಎಂಟುನೂರು ರೂಪಾಯಿ ಒಟ್ಟಿಗೆ ನಿಲ್ಲುವುದು ಕಷ್ಟ. ಬಡವನಾದ ಕಾರಣಕ್ಕೇ ಅವನು ಹೆಚ್ಚು ಕೊಡುತ್ತಾನೆ.

ಕೊಟ್ಟ ಹಣಕ್ಕೆ ಸಿಗುವುದಾದರೂ ಏನು? ದಿನದ 1.5 ಜಿ.ಬಿ. ಆ ದಿನಕ್ಕೇ ಸೇರಿದ್ದು. ಸರದಿಯ ನೀರಿನಂತೆ, ಗದ್ದೆಗೆ ಹಾಯಿಸದಿದ್ದರೆ ಮುಂದಕ್ಕೆ ಹರಿದು ಹೋಯಿತು. ಪಾಠದ ವೀಡಿಯೋವನ್ನು 480ರ ಸಾಧಾರಣ ಸ್ಪಷ್ಟತೆಯಲ್ಲಿ ನೋಡಿದರೆ ಇದು ಎರಡರಿಂದ ಮೂರು ಗಂಟೆ ಬರುತ್ತದೆ. 1080ರಲ್ಲಿ ನೋಡಿದರೆ ಒಂದು ಗಂಟೆಯೊಳಗೇ ತೀರಬಹುದು. ಅಂಗೈಯಗಲದ ಪರದೆಯಲ್ಲಿ ಕರಿಹಲಗೆಯ ಅಕ್ಷರ ಎರಡರಲ್ಲೂ ಕಾಣುತ್ತದೆ. ತೀರಿದ ಮೇಲೆ ವೇಗ ಸೆಕೆಂಡಿಗೆ 64 ಕಿಲೋಬಿಟ್ಟುಗಳಿಗೆ ಇಳಿಯುತ್ತದೆ. ಎಂಟು ಬಿಟ್ಟುಗಳಿಗೆ ಒಂದು ಬೈಟಿನಂತೆ ಸೆಕೆಂಡಿಗೆ ಎಂಟು ಕಿಲೋಬೈಟು, ಐದು ಎಂ.ಬಿ.ಯ ಟಿಪ್ಪಣಿಯೊಂದು ಇಳಿಯಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ರಾತ್ರಿ ಹತ್ತರ ಮೇಲೆ ಟಿಪ್ಪಣಿಗಳನ್ನು ಕಳುಹಿಸುವ ನಮ್ಮ ಅಧ್ಯಾಪಕ ಮಹಾಶಯರು ಈ ಒಂದು ಗುಣಾಕಾರವನ್ನು ದಯಮಾಡಿ ನೆನಪಿನಲ್ಲಿಡಬೇಕು. ಬೆಳಿಗ್ಗೆ ಕಳುಹಿಸಿದರೆ ಅಣ್ಣನ ಪಾಲಿನಿಂದ ತಂಗಿಗೂ ಹಾಟ್‌ಸ್ಪಾಟಿನಲ್ಲಿ ಸಿಗುತ್ತದೆ.

ಕೊನೆಯದಾಗಿ, ಮನೆಯ ಹಳೆಯ ಕೀಪ್ಯಾಡು ಫೋನಿನ ವಿಷಯ. ಮಗನ ಹೊಸ ಫೋನಿಗೆ ಕರೆನ್ಸಿ ಹಾಕಿಸುವ ಭರದಲ್ಲಿ ತಾಯಿಯ ಫೋನಿಗೆ ಹಾಕಿಸುವುದು ಹಲವು ಮನೆಗಳಲ್ಲಿ ನಿಂತುಹೋಗುತ್ತದೆ. ಬ್ಯಾಂಕಿನ ಖಾತೆಗೂ, ಆಧಾರಿಗೂ, ಗೃಹಲಕ್ಷ್ಮಿಯ ಎರಡು ಸಾವಿರ ಜಮೆಯಾದ ಸುದ್ದಿಗೂ, ಎಷ್ಟೋ ಸಲ ನಮ್ಮ ವಿದ್ಯಾರ್ಥಿವೇತನದ ಅರ್ಜಿಗೂ ಕೊಟ್ಟಿರುವುದು ಆಕೆಯ ಸಂಖ್ಯೆಯೇ. ಅವಧಿ ಮುಗಿದು ಕೆಲವು ದಿನಗಳಾದ ಮೇಲೆ ಒಟಿಪಿ ಬರುವುದೂ ನಿಲ್ಲಬಹುದು. 2013ರ ನಿಯಮದಂತೆ 90 ದಿನ ಯಾವ ಬಳಕೆಯೂ ಇಲ್ಲದ ಸಂಖ್ಯೆಯನ್ನು ಕಂಪೆನಿಯು ರದ್ದುಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಶಿಲ್ಕಿದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸಬೇಕು. ರದ್ದಾದ ಸಂಖ್ಯೆ ಮುಂದೊಂದು ದಿನ ಬೇರೆ ಗ್ರಾಹಕರಿಗೆ ಹೋಗುತ್ತದೆ. ಆಗ ಆಕೆಯ ಖಾತೆಯ ಒಟಿಪಿ ಅಪರಿಚಿತರ ಕೈಗೆ.

ಡಾಟಾ ಬೇಡದ ಇಂಥವರಿಗಾಗಿ ಕರೆ ಮತ್ತು ಸಂದೇಶಗಳಿಗಷ್ಟೇ ಪ್ರತ್ಯೇಕ ಯೋಜನೆ ಇರಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿತು. ಮುಂದಿನ ತಿಂಗಳೇ ಜಿಯೋ 84 ದಿನಗಳಿಗೆ 448 ರೂಪಾಯಿಯದನ್ನೂ, ಏರ್‌ಟೆಲ್ ಅಷ್ಟೇ ದಿನಗಳಿಗೆ 469ರದನ್ನೂ, ವರ್ಷಪೂರ್ತಿಗೆ 1,849ರದನ್ನೂ ಹೊರತಂದವು. 299ರದನ್ನು ಮೂರು ಸಲ ಹಾಕಿಸುವುದರ ಅರ್ಧಕ್ಕೆ ಅರ್ಧ. ಅಂಗಡಿಯ ಗೋಡೆಯ ದರಪಟ್ಟಿಯಲ್ಲಿ ಇದು ಕಾಣದಿದ್ದರೆ, “ಬರೀ ಮಾತಿಗೆ ಬರುವ ಪ್ಯಾಕು, ನೆಟ್ ಬೇಡ” ಎಂದು ಬಾಯಿಬಿಟ್ಟು ಕೇಳಬೇಕು. ಹಾಕಿಸಿದ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಗುರುತುಮಾಡಿದರೆ ಮುಂದಿನ ಬಾರಿ ಯಾವಾಗ ಎಂಬುದು ತಾಯಿಗೂ ಕಾಣುತ್ತಿರುತ್ತದೆ.